ಮೊದಲು ಒಂದು ಮೊಲ ಬಿಡಿ: ಗೇಮ್ ಕಟ್ಟಲು ಹೊರಟವರಿಗೆ ಬಹಿರಂಗ ಪತ್ರ

ವಿಡಿಯೊ ಗೇಮ್ ಕಟ್ಟುವುದನ್ನು ಕಲಿಯುತ್ತಿರುವ ಕನ್ನಡದ ಹುಡುಗ ಹುಡುಗಿಯರಿಗೆ,



ಕಾಲೇಜಿನ ಲ್ಯಾಬಿನಲ್ಲೋ ಬಾಡಿಗೆ ಕೋಣೆಯ ಹಳೆಯ ಲ್ಯಾಪ್‌ಟಾಪಿನ ಮುಂದೋ ಕೂತು ನಿಮ್ಮ ಮೊದಲ ಪ್ಲಾಟ್‌ಫಾರ್ಮ್ ಗೇಮ್ ಕಟ್ಟುತ್ತಿರುವ ನಿಮಗೆ ಈ ಪತ್ರ. ಕರ್ನಾಟಕ ಸರ್ಕಾರ ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿ ರೂಪಿಸಿತು. ಅಂದಿನಿಂದ ಕಾಲೇಜುಗಳಲ್ಲಿ ಕೋರ್ಸುಗಳು ಬಂದವು, ಗೇಮ್ ಜಾಮ್‌ಗಳು ನಡೆದವು, ಬೆಂಗಳೂರಿನ ಸ್ಟುಡಿಯೊಗಳಲ್ಲಿ ಕೆಲಸಗಳೂ ಹುಟ್ಟಿದವು. ನಿಮ್ಮ ಕೈಯಲ್ಲಿರುವ ಸಾಫ್ಟ್‌ವೇರ್ 30 ವರ್ಷಗಳ ಹಿಂದೆ ದೊಡ್ಡ ಕಂಪನಿಗಳಿಗೂ ಸಿಗುತ್ತಿರಲಿಲ್ಲ. ಆದರೂ ನಿಮ್ಮಲ್ಲಿ ಬಹಳಷ್ಟು ಜನ ಆಟ ಶುರು ಮಾಡುವ ರೀತಿ ಒಂದೇ. ಮೊದಲು ನಾಯಕನ ವೇಷಭೂಷಣ, ಆಮೇಲೆ ಖಳನ ಕೋಟೆ, ಆಮೇಲೆ ಹತ್ತಾರು ಲೆವೆಲ್‌ಗಳ ನಕ್ಷೆ. ನಾಯಕ ಓಡಿದರೆ ಆಡುವವನ ಕೈಗೆ ಹಿತವಾಗುತ್ತದೆಯೇ ಎಂಬ ಪ್ರಶ್ನೆ ಏಳುವ ಹೊತ್ತಿಗೆ ಸಲ್ಲಿಕೆಯ ದಿನ ಬಂದುಬಿಟ್ಟಿರುತ್ತದೆ.

ಈ ಕ್ರಮವನ್ನು ತಿರುಗಿಸಿ ಎಂದು ಕೇಳಿಕೊಳ್ಳಲು ಈ ಪತ್ರ. ಅದಕ್ಕೆ ಸಾಕ್ಷಿಯಾಗಿ ಕರೆತಂದಿರುವುದು ಒಂದು ಹಳದಿ ಮೊಲವನ್ನು.

ಮೊಲದ ಹೆಸರು ಮಿಪ್ಸ್. ಅದು ಇರುವುದು 'ಸೂಪರ್ ಮಾರಿಯೋ 64' ಆಟದಲ್ಲಿ. 1996ರ ಜೂನ್ 23ರಂದು ಜಪಾನಿನಲ್ಲಿ ನಿಂಟೆಂಡೊ 64 ಯಂತ್ರ ಮಾರಾಟಕ್ಕೆ ಬಂದ ದಿನವೇ ಈ ಆಟವೂ ಬಂತು. ಶಿಗೆರು ಮಿಯಾಮೊಟೊ ಅದರ ನಿರ್ದೇಶಕ. ಯೋಶಿಯಾಕಿ ಕೊಯಿಜುಮಿ, ತಕಾಶಿ ತೆಜುಕಾ ಸಹಾಯಕ ನಿರ್ದೇಶಕರು. ಹೆಚ್ಚಾಗಿ ಎಡಬಲಕ್ಕಷ್ಟೇ ಓಡುತ್ತಿದ್ದ ಮಾರಿಯೋ ಮೂರು ಆಯಾಮದ ಲೋಕದಲ್ಲಿ ಎಲ್ಲ ದಿಕ್ಕಿಗೂ ಓಡಿದ್ದು ಇಲ್ಲಿ. ಆಟದಲ್ಲಿ ಒಟ್ಟು 120 ನಕ್ಷತ್ರಗಳಿವೆ. 15 ದೊಡ್ಡ ಲೋಕಗಳಲ್ಲಿ ತಲಾ ಏಳರಂತೆ 105. ಉಳಿದ 15 ಕೋಟೆಯ ಮೂಲೆಮುಡುಕುಗಳಲ್ಲಿ. ಆ 15ರಲ್ಲಿ ಎರಡನ್ನು ಈ ಮೊಲ ಇಟ್ಟುಕೊಂಡಿದೆ. 70 ನಕ್ಷತ್ರ ಸಿಕ್ಕರೆ ಆಟ ಮುಗಿಸಬಹುದಾದ್ದರಿಂದ ಮೊಲವನ್ನು ಒಮ್ಮೆಯೂ ನೋಡದೆ ಆಟ ಮುಗಿಸಿದವರೂ ಇರುತ್ತಾರೆ. ಅಷ್ಟು ಚಿಕ್ಕ ಪಾತ್ರ ಅದು.

ಅದನ್ನು ಎಲ್ಲಿ ಇಟ್ಟಿದ್ದಾರೆ ನೋಡಿ. ರಾಜಕುಮಾರಿ ಪೀಚ್‌ಳ ಕೋಟೆಯ ನೆಲಮಾಳಿಗೆಗೆ ಹೋಗಬೇಕಾದರೆ ಆಟದ ಖಳ ಬೌಸರ್‌ನನ್ನು ಒಮ್ಮೆ ಸೋಲಿಸಿ ಕೀಲಿ ಗಿಟ್ಟಿಸಬೇಕು. ಮೊದಲ ಸಲ ಕೆಳಗಿಳಿದಾಗ ಅಲ್ಲಿ ಕಲ್ಲುಗೋಡೆಯ ಓಣಿಗಳು, ಬಾಗಿಲುಗಳು, ಗೋಡೆಯ ಮೇಲಿನ ಚಿತ್ರಗಳು. ನಕ್ಷತ್ರಗಳು 15 ಆದಮೇಲೆ ಅದೇ ಓಣಿಗೆ ಮರಳಿ ಬಂದರೆ, ಯಾವುದೋ ತಿರುವಿನಲ್ಲಿ ಹಳದಿಯದೊಂದು ಏನೋ ಸರಕ್ಕನೆ ಹಾದುಹೋಗುತ್ತದೆ. ಅದರ ಬಗ್ಗೆ ಫಲಕವಿಲ್ಲ, ಬಾಣದ ಗುರುತಿಲ್ಲ, ತೆರೆಯ ಮೇಲೆ ಸೂಚನೆಯೂ ಇಲ್ಲ. ಈಗಾಗಲೇ ನೋಡಿ ಮುಗಿಸಿದೆ ಎಂದುಕೊಂಡ ಜಾಗದಲ್ಲಿ ಹೊಸ ಜೀವವೊಂದು ಓಡಾಡುತ್ತಿದೆ. ಆಡುವವನು ಮಾಡುತ್ತಿದ್ದುದನ್ನೆಲ್ಲ ಬಿಟ್ಟು ಅದರ ಹಿಂದೆ ಬೀಳುತ್ತಾನೆ. ಹಿಡಿ ಎಂದು ಯಾರೂ ಹೇಳಬೇಕಿಲ್ಲ.

ಹಿಡಿಯಹೋದರೆ ಅದು ಸುಲಭಕ್ಕೆ ಸಿಗುವ ಪ್ರಾಣಿಯಲ್ಲ. ಮಾರಿಯೋ ನೇರ ಓಡಿದರೆ ಮೊಲ ಪಕ್ಕಕ್ಕೆ ಹೊರಳುತ್ತದೆ. ಪೂರ್ತಿ ವೇಗದಲ್ಲಿದ್ದವನು ತಟ್ಟನೆ ಹಿಂದಿರುಗಬೇಕೆಂದರೆ ಕಾಲು ಜಾರಿ ಅರೆಕ್ಷಣ ನಿಲ್ಲುತ್ತಾನೆ. ಅಷ್ಟರಲ್ಲಿ ಮೊಲ ಆ ತುದಿಯಲ್ಲಿರುತ್ತದೆ. ಸ್ಟಿಕ್ಕನ್ನು ಒಂದೇ ಸಲಕ್ಕೆ ತಿರುಗಿಸದೆ ಸ್ವಲ್ಪ ಸ್ವಲ್ಪವಾಗಿ ಬಳಸಿಕೊಂಡು ಬಂದರೆ ವೇಗ ಉಳಿಯುತ್ತದೆ. ಹತ್ತಿರವಾದಾಗ ಓಡುತ್ತಲೇ ಬಿ ಬಟನ್ ಒತ್ತಿದರೆ ಮಾರಿಯೋ ಕೈಚಾಚಿ ಮುಂದಕ್ಕೆ ಜಿಗಿದು ಹೊಟ್ಟೆಯ ಮೇಲೆ ಬೀಳುತ್ತಾನೆ. ಅಳತೆ ಸರಿಯಿದ್ದರೆ ಮೊಲ ಕೈಯಲ್ಲಿ, ತಪ್ಪಿದರೆ ನೆಲದ ಮೇಲೆ ಜಾರುವುದಷ್ಟೇ ಲಾಭ. ಹತ್ತು ನಿಮಿಷದ ಈ ಬೇಟೆಯಲ್ಲಿ ಆಡುವವನು ಕಲಿತದ್ದನ್ನು ಎಷ್ಟು ಪಾಠದ ಲೆವೆಲ್ ಇಟ್ಟರೂ ಕಲಿಸಲಾಗದು.

ಸಿಕ್ಕಿಬಿದ್ದ ಮೊಲ ಗೊಣಗುತ್ತದೆ. ತನಗೆ ತಡವಾಗುತ್ತಿದೆ, ಚಹಾಕ್ಕೆ ಹೋಗಬೇಕಿದೆ, ಈ ಹೊಳೆಯುವ ವಸ್ತು ತನ್ನದೇ ಎಂದೆಲ್ಲ ಹೇಳಿ ಕೊನೆಗೆ ನಕ್ಷತ್ರ ಒಪ್ಪಿಸುತ್ತದೆ. ಲೂಯಿಸ್ ಕ್ಯಾರಲ್ 1865ರಲ್ಲಿ ಪ್ರಕಟಿಸಿದ ಆಲಿಸ್‌ಳ ಕಥೆಯ ಬಿಳಿ ಮೊಲವನ್ನು ಬಲ್ಲವರಿಗೆ ಈ ಅವಸರ ಎಲ್ಲಿಂದ ಬಂತೆಂದು ತಕ್ಷಣ ಗೊತ್ತಾಗುತ್ತದೆ. ನಾಲ್ಕು ಸಾಲಿನ ಮಾತಿನಲ್ಲೇ ಮೊಲಕ್ಕೊಂದು ಸ್ವಭಾವ, ಹೋಗಬೇಕಾದ ಊರು, ಮಾರಿಯೋನ ಮೇಲೊಂದು ಅಸಮಾಧಾನ ಎಲ್ಲವೂ ಬಂದುಬಿಟ್ಟಿವೆ. ಪುಟ್ಟ ಪಾತ್ರಕ್ಕೆ ಇಷ್ಟು ಸಾಕು. ಅದರ ಬಾಲ್ಯದ ಕಥೆಯನ್ನು ಬರೆದು ಯಾರೂ ಓದದ ಮೆನುವಿನೊಳಗೆ ಇಡುವ ಅಗತ್ಯವಿಲ್ಲ.

ಇನ್ನು ಅದರ ಬುದ್ಧಿಯ ವಿಷಯ. ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಇದೇ.

ಅಭಿಮಾನಿಗಳು ಈ ಆಟವನ್ನು ಯಂತ್ರಭಾಷೆಯಿಂದ ಹಿಂದಕ್ಕೆ ಬಿಡಿಸಿ, ಮನುಷ್ಯರು ಓದಬಹುದಾದ ಕೋಡ್ ಆಗಿ ಬರೆದರು. 2019ರಲ್ಲಿ ಅದು ಬೆಳಕಿಗೆ ಬಂತು. ಮೊಲ ಅಷ್ಟು ಚಾಲಾಕಿಯಾಗಿ ಕಾಣುವುದು ಹೇಗೆಂದು ಅದರಲ್ಲಿ ಸ್ಪಷ್ಟವಾಗಿದೆ. ನೆಲಮಾಳಿಗೆಯಲ್ಲಿ ಮೊಲಕ್ಕೆಂದು ಮೊದಲೇ ಗೊತ್ತುಮಾಡಿಟ್ಟ ಹತ್ತು ದಾರಿಗಳಿವೆ. ಮಾರಿಯೋ ದೂರವಿರುವಷ್ಟು ಹೊತ್ತು ಮೊಲ ಸುಮ್ಮನೆ ಕಾಯುತ್ತದೆ. ಅವನು ಒಂದು ಅಂತರದೊಳಗೆ ಬಂದ ಕೂಡಲೇ, ತನಗೆ ಹತ್ತಿರವಿರುವ ದಾರಿಗಳಲ್ಲಿ ಯಾವುದು ಮಾರಿಯೋನಿಂದ ಅತಿ ದೂರವೋ ಅದನ್ನು ಆರಿಸಿಕೊಂಡು ಓಡುತ್ತದೆ. ಆ ದಾರಿ ಮುಗಿದಮೇಲೆ ಮತ್ತೆ ಕಾಯುತ್ತದೆ. ಅಷ್ಟೇ. ನಿಮ್ಮಲ್ಲಿ ಮೊದಲ ವರ್ಷದ ವಿದ್ಯಾರ್ಥಿಯೂ ಒಂದು ಸಂಜೆಯಲ್ಲಿ ಬರೆಯಬಲ್ಲ ಕೋಡ್ ಇದು.

ಇಷ್ಟು ಸರಳ ನಿಯಮಕ್ಕೆ ಒಂದು ದೊಡ್ಡ ಗುಣವಿದೆ: ಅದು ಆಡುವವನಿಗೆ ಮೋಸ ಮಾಡುವುದಿಲ್ಲ. ಮೊಲ ಮಾಯವಾಗಿ ಬೇರೆಡೆ ಪ್ರತ್ಯಕ್ಷವಾಗುವುದಿಲ್ಲ, ಹಿಡಿಯುವ ಹೊತ್ತಿಗೆ ದಿಢೀರನೆ ವೇಗ ಹೆಚ್ಚಿಸಿಕೊಳ್ಳುವುದಿಲ್ಲ. ಗಮನವಿಟ್ಟು ನೋಡಿದರೆ ಯಾವ ಕಡೆಯಿಂದ ಹೋದರೆ ಅದು ಯಾವ ಕಡೆಗೆ ಓಡುತ್ತದೆಂದು ಊಹಿಸಬಹುದು. ಆಗ ಬೆನ್ನಟ್ಟುವುದನ್ನು ಬಿಟ್ಟು ಅಡ್ಡಗಟ್ಟಬಹುದು. ಕಣ್ಣಾಮುಚ್ಚಾಲೆ ಆಡುವ ಮಕ್ಕಳಲ್ಲೂ ಇಂಥದೇ ಒಪ್ಪಂದವಿರುತ್ತದಲ್ಲ. ಅಡಗುವವನು ಗೊತ್ತಾದ ಬೀದಿಯ ಆಚೆ ಹೋಗುವಂತಿಲ್ಲ, ಮನೆಯೊಳಗೆ ಹೊಕ್ಕು ಚಿಲಕ ಹಾಕಿಕೊಳ್ಳುವಂತಿಲ್ಲ. ಈ ಒಪ್ಪಂದ ಮುರಿದವನ ಜತೆ ಮರುದಿನ ಯಾರೂ ಆಡುವುದಿಲ್ಲ.

50 ನಕ್ಷತ್ರಗಳಾದಾಗ ಮೊಲ ಮತ್ತೆ ಬರುತ್ತದೆ. ನೆಲಮಾಳಿಗೆ ಅದೇ, ಓಣಿಗಳು ಅವೇ, ಮೊಲ ಮಾತ್ರ ಮೊದಲಿಗಿಂತ ತುಸು ಚುರುಕು. ಆದರೆ ಅಷ್ಟರಲ್ಲಿ ಆಡುವವನ ಕೈಯೂ ಪಳಗಿರುತ್ತದೆ. ಮೊದಲ ಸಲ ಬೆವರಿಳಿಸಿದ ಮೊಲ ಈ ಸಲ ಬೇಗ ಸಿಕ್ಕಿದಾಗ, ತಾನು ಎಷ್ಟು ಮುಂದೆ ಬಂದಿದ್ದೇನೆಂದು ಅವನಿಗೆ ಯಾರೂ ಹೇಳದೆಯೇ ತಿಳಿಯುತ್ತದೆ. ತೆರೆಯ ಮೇಲೆ ಪದಕ ತೋರಿಸಿ, ಲೆವೆಲ್ ಏರಿದೆ ಎಂದು ಪಟಾಕಿ ಹೊಡೆಯುವ ಆಟಗಳು ಈಗ ಬೇಕಾದಷ್ಟಿವೆ. ಒಂದೇ ಪಾತ್ರವನ್ನು ಎರಡನೆಯ ಸಲ, ಅದೇ ಜಾಗದಲ್ಲಿ ತಂದು ನಿಲ್ಲಿಸಿ ಇದನ್ನು ಸಾಧಿಸುವುದು ಹೆಚ್ಚು ಗೌರವದ ದಾರಿ. ಖರ್ಚೂ ಕಡಿಮೆ.

ಈ ಮೊಲ ಆಟದೊಳಗೆ ಬಂದ ಬಗೆಯೇ ಈ ಪತ್ರ ಬರೆಯಲು ಮುಖ್ಯ ಕಾರಣ. ಲೋಕಗಳು, ಚಿತ್ರಗಳು, ಬೌಸರ್ ಯಾವುದೂ ತಯಾರಾಗಿರದ ಹೊತ್ತಿನಲ್ಲಿ ಮಿಯಾಮೊಟೊ ತಂಡ ಮಾರಿಯೋನ ಓಟವನ್ನು ತಿದ್ದುತ್ತಿತ್ತು. ಆಗ ಅವರು ಮಾಡಿಕೊಂಡ ಪ್ರಯೋಗವೇ ಮೊಲ ಹಿಡಿಯುವುದು. ನಿಂಟೆಂಡೊ 64ರ ಕಂಟ್ರೋಲರಿನಲ್ಲಿ ಅನಲಾಗ್ ಸ್ಟಿಕ್ ಇತ್ತು. ಸ್ವಲ್ಪ ತಳ್ಳಿದರೆ ಮಾರಿಯೋ ಮೆಲ್ಲಗೆ ನಡೆಯಬೇಕು, ಪೂರ್ತಿ ತಳ್ಳಿದರೆ ಓಡಬೇಕು. ಇದು ಸರಿಯಾಗಿದೆಯೇ ಎಂದು ಪರೀಕ್ಷಿಸಲು ಖಾಲಿ ಮೈದಾನ ಸಾಲದು. ಖಾಲಿ ಮೈದಾನದಲ್ಲಿ ಯಾವ ಓಟವೂ ಚೆನ್ನಾಗಿಯೇ ಕಾಣುತ್ತದೆ. ತಪ್ಪಿಸಿಕೊಳ್ಳುವ ಪ್ರಾಣಿಯೊಂದನ್ನು ಬಿಟ್ಟರೆ ಎಲ್ಲ ಹುಳುಕೂ ಹೊರಬೀಳುತ್ತದೆ: ತಿರುವು ತೀರಾ ಅಗಲವಾಗಿದೆ, ನಿಲ್ಲುವುದು ತಡವಾಗುತ್ತಿದೆ, ಕ್ಯಾಮೆರಾ ಗೋಡೆಯ ಹಿಂದೆ ಸಿಕ್ಕಿಕೊಂಡು ಮೊಲವೇ ಕಾಣುತ್ತಿಲ್ಲ. ಮೂರು ಆಯಾಮದ ಆಟಗಳಲ್ಲಿ ಕ್ಯಾಮೆರಾ ಹೇಗಿರಬೇಕೆಂಬುದಕ್ಕೆ ಆಗ ಮಾದರಿಗಳೇ ವಿರಳವಾಗಿದ್ದವು. ಮೊಲದ ಹೆಸರು ಕೂಡ ಆ ದಿನಗಳದ್ದೇ. ನಿಂಟೆಂಡೊ 64ರ ಮುಖ್ಯ ಪ್ರೊಸೆಸರ್, ಎನ್‌ಇಸಿ ತಯಾರಿಸಿದ ವಿಆರ್4300, ಮಿಪ್ಸ್ ಎಂಬ ವಿನ್ಯಾಸದ ಮೇಲೆ ಕಟ್ಟಿದ್ದು. ಪರೀಕ್ಷೆಯ ಮೊಲಕ್ಕೆ ಅದೇ ಹೆಸರು ಬಂತು.

ಕೆಲಸ ಮುಗಿದಮೇಲೆ ಪ್ರಯೋಗದ ಸಾಮಾನನ್ನು ಎಲ್ಲರೂ ಅಳಿಸಿಹಾಕುತ್ತಾರೆ. ಇವರು ಅಳಿಸಲಿಲ್ಲ, ಕೋಟೆಯ ಕೆಳಗೆ ಇಟ್ಟರು. ಆಟ ಶುರುವಾದಾಗ ಸಿಗುವ ಕೋಟೆಯ ಅಂಗಳಕ್ಕೂ ಇದೇ ಮನೋಧರ್ಮ ಇದೆ. ಅಲ್ಲಿ ಒಬ್ಬನೇ ಒಬ್ಬ ಶತ್ರುವಿಲ್ಲ. ಮರ ಹತ್ತಬಹುದು, ಕಂದಕದ ನೀರಿನಲ್ಲಿ ಈಜಬಹುದು, ದಿಬ್ಬದಿಂದ ಜಾರಬಹುದು, ಯಾರೂ ಅವಸರ ಮಾಡುವುದಿಲ್ಲ. 1.1 ಕೋಟಿಗೂ ಹೆಚ್ಚು ಪ್ರತಿಗಳು ಖರ್ಚಾದ ಆಟವಿದು. ಅದು ಆಡುವವರನ್ನು ಬರಮಾಡಿಕೊಂಡದ್ದು ಸುಮ್ಮನೆ ಓಡಾಡುವ ಸುಖದಿಂದ.

ಮೊಲದ ಎರಡನೆಯ ಬದುಕನ್ನು ಬರೆದವರು ಸ್ಪೀಡ್‌ರನ್ನರ್‌ಗಳು, ಅಂದರೆ ಆಟವನ್ನು ಅತಿ ಕಡಿಮೆ ಸಮಯದಲ್ಲಿ ಮುಗಿಸಲು ಪೈಪೋಟಿಗಿಳಿದವರು. ನೆಲಮಾಳಿಗೆಯಲ್ಲಿ 30 ನಕ್ಷತ್ರಗಳಿದ್ದರೆ ಮಾತ್ರ ತೆರೆಯುವ ಬಾಗಿಲೊಂದಿದೆ. ಮೊಲವನ್ನು ಹಿಡಿದು ಆ ಬಾಗಿಲ ತನಕ ಒಯ್ದು, ಸರಿಯಾದ ಜಾಗದಲ್ಲಿ, ಸರಿಯಾದ ಕೋನದಲ್ಲಿ ಅದನ್ನು ಬಳಸಿಕೊಂಡರೆ ಮಾರಿಯೋ ಮುಚ್ಚಿದ ಬಾಗಿಲಿನಿಂದ ಆಚೆ ತೂರಿಬಿಡುತ್ತಾನೆ. ಮೊಲ ಕಾಣಿಸಿಕೊಳ್ಳಲು ಬೇಕಾದ್ದು 15 ನಕ್ಷತ್ರ. ಬಾಗಿಲಾಚೆಯ ನೀರಿನ ಲೋಕದಲ್ಲಿ ಕಡ್ಡಾಯವಾಗಿ ಗಳಿಸಬೇಕಾದ್ದು ಒಂದು. ಹೀಗೆ 16 ನಕ್ಷತ್ರಗಳಲ್ಲಿ ಆಟ ಮುಗಿಸುವ ಪ್ರಕಾರ ಹುಟ್ಟಿತು. ಮುಂದೆ ಒಂದು ನಕ್ಷತ್ರದಲ್ಲಿ, ಕೊನೆಗೆ ಒಂದೂ ಇಲ್ಲದೆ ಮುಗಿಸುವ ಉಪಾಯಗಳೂ ಸಿಕ್ಕವು. ಆದರೂ 16ರ ಓಟವನ್ನು ಈಗಲೂ ಪ್ರೀತಿಯಿಂದ ಓಡುವವರಿದ್ದಾರೆ, ಅವರೆಲ್ಲ ದಾರಿಯಲ್ಲಿ ಒಮ್ಮೆ ಮೊಲ ಹಿಡಿಯಲೇಬೇಕು. ನಿಮ್ಮ ಆಟದಲ್ಲೂ ಬಗ್‌ಗಳು ಉಳಿಯುತ್ತವೆ. ಆಡುವವನು ಬಿದ್ದು ಸಿಕ್ಕಿಕೊಳ್ಳುವಂಥ ಬಗ್ ಇದ್ದರೆ ಮೊದಲು ತೆಗೆಯಿರಿ. ಹೀಗೆ ಮೈಮರೆಸುವ ಬಗ್ ಸಿಕ್ಕರೆ ತೆಗೆಯುವ ಮುಂಚೆ ಎರಡು ಸಲ ಯೋಚಿಸಿ.

ನಿಂಟೆಂಡೊ ಈ ಮೊಲವನ್ನು ಮರೆಯಲಿಲ್ಲ. 2004ರ 'ಸೂಪರ್ ಮಾರಿಯೋ 64 ಡಿಎಸ್'ನಲ್ಲಿ ಬಣ್ಣಬಣ್ಣದ ಮೊಲಗಳು ಹಲವಾದವು. ಹಿಡಿದರೆ ಸಣ್ಣ ಆಟಗಳ ಕೀಲಿ ಕೊಡುತ್ತಿದ್ದವು. ಅದಕ್ಕಿಂತ ಮುಖ್ಯವಾದದ್ದು 2007ರ 'ಸೂಪರ್ ಮಾರಿಯೋ ಗ್ಯಾಲಕ್ಸಿ'. ಮೊಲದ ಆಟದಲ್ಲಿ ಸಹಾಯಕನಾಗಿದ್ದ ಕೊಯಿಜುಮಿ ಇಲ್ಲಿ ನಿರ್ದೇಶಕ. ಈ ಆಟದ ಹೊಸತನ ಗೋಳಾಕಾರದ ಪುಟ್ಟ ಗ್ರಹಗಳು. ಮಾರಿಯೋ ಗ್ರಹದ ಅಡಿಭಾಗಕ್ಕೆ ಹೋದರೂ ಬೀಳುವುದಿಲ್ಲ. ಮೇಲೆ ಕೆಳಗೆಂಬುದೇ ಗೊಂದಲವಾಗುವ ಈ ಲೋಕಕ್ಕೆ ಹೊಸಬರನ್ನು ಕರೆತರುವುದು ಹೇಗೆ? ಆಟದ ಆರಂಭದಲ್ಲೇ ಮೂರು ಮೊಲಗಳು ಬಂದು ಕಣ್ಣಾಮುಚ್ಚಾಲೆ ಆಡೋಣ ಬಾ ಎಂದು ಕರೆದು ಅಡಗಿಬಿಡುತ್ತವೆ. ಅವನ್ನು ಹುಡುಕುತ್ತ, ಅಟ್ಟಿಸಿಕೊಂಡು ಹೋಗುತ್ತ ಗ್ರಹದ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ ತಲೆಕೆಳಗಾಗಿ ಓಡುವುದು ಕೈಗೆ ರೂಢಿಯಾಗಿರುತ್ತದೆ. ಗುರುತ್ವದ ವಿಷಯವಾಗಿ ಒಂದು ಮಾತೂ ಬಂದಿರುವುದಿಲ್ಲ. 1996ರಲ್ಲಿ ತಯಾರಕರು ತಮ್ಮ ಕೆಲಸ ಪರೀಕ್ಷಿಸಲು ಬಳಸಿದ್ದನ್ನು 2007ರಲ್ಲಿ ಆಡುವವರಿಗೆ ಕಲಿಸಲು ಬಳಸಿದರು.

ಬೇರೆಯವರೂ ಈ ಬಗೆಯ ಪಾತ್ರಗಳನ್ನು ಮಾಡಿದ್ದಾರೆ. 1998ರಲ್ಲಿ ಬ್ರಿಟನ್ನಿನ ರೇರ್ ಸಂಸ್ಥೆ ಮಾಡಿದ 'ಬ್ಯಾಂಜೊ-ಕಝೂಯಿ'ಯಲ್ಲಿ ಪ್ರತಿ ಲೋಕಕ್ಕೆ ಜಿಂಜೊ ಎಂಬ ಐದು ಪುಟ್ಟ ಜೀವಿಗಳು ಅಡಗಿರುತ್ತವೆ, ಒಂದೊಂದಕ್ಕೆ ಒಂದೊಂದು ಬಣ್ಣ. ಫ್ರಾನ್ಸಿನಲ್ಲಿ ತಯಾರಾದ 2011ರ 'ರೇಮನ್ ಒರಿಜಿನ್ಸ್'ನಲ್ಲಿ ಒಂದು ನಿಧಿಪೆಟ್ಟಿಗೆಯೇ ಕಾಲ್ಕಿತ್ತು ಓಡುತ್ತದೆ. ಕುಸಿಯುವ ನೆಲ, ಮುರಿಯುವ ಹಲಗೆಗಳ ಮೇಲೆ ಅದನ್ನು ಅಟ್ಟಿಸಿಕೊಂಡು ಹೋಗುವ ಆ ಹಂತಗಳು ಆ ಆಟದಲ್ಲೇ ಅತ್ಯುತ್ತಮ. ಅದರ ಮುಂದಿನ ಭಾಗ 'ರೇಮನ್ ಲೆಜೆಂಡ್ಸ್'ನಲ್ಲಿ ಬಿಡಿಸಬೇಕಾದ ಪುಟಾಣಿ ಟೀನ್ಸಿಗಳ ಸಂಖ್ಯೆ 700. 2024ರ ಡಿಸೆಂಬರಿನಲ್ಲಿ ದಿ ಗೇಮ್ ಅವಾರ್ಡ್ಸ್‌ನ ವರ್ಷದ ಆಟ ಪ್ರಶಸ್ತಿ ಗೆದ್ದ 'ಆಸ್ಟ್ರೊ ಬಾಟ್'ನಲ್ಲಿ 300 ಬಾಟ್‌ಗಳನ್ನು ಹುಡುಕಿ ಕಾಪಾಡಬೇಕು.

700, 300 ಎಂಬ ಅಂಕಿಗಳು ನಿಮ್ಮನ್ನು ದಾರಿ ತಪ್ಪಿಸದಿರಲಿ. ಆಸ್ಟ್ರೊ ಬಾಟ್‌ನಲ್ಲಿ ಅಷ್ಟೊಂದು ಬಾಟ್‌ಗಳು ಬೇಸರ ತರಿಸದಿರುವುದಕ್ಕೆ ಕಾರಣ ಅವುಗಳ ಹಿಂದಿನ ದುಡಿಮೆ. ಅವುಗಳಲ್ಲಿ ನೂರಕ್ಕೂ ಹೆಚ್ಚು ಬಾಟ್‌ಗಳು ಹಳೆಯ ಪ್ಲೇಸ್ಟೇಷನ್ ಆಟಗಳ ಪಾತ್ರಗಳ ವೇಷ ತೊಟ್ಟಿರುತ್ತವೆ. ಅಂಥ ದುಡಿಮೆಗೆ ದೊಡ್ಡ ತಂಡ ಬೇಕು, ವರ್ಷಗಳು ಬೇಕು. ನಾಲ್ಕು ಜನರ ತಂಡ ಅದನ್ನು ನಕಲು ಮಾಡಹೊರಟರೆ ಆಗುವುದು ಒಂದೇ: ಒಂದೇ ಗೊಂಬೆಯನ್ನು ನೂರು ಕಡೆ ಅಂಟಿಸಿ, ಮೂಲೆಯಲ್ಲಿ ನೂರರಲ್ಲಿ ಎಷ್ಟೆಂಬ ಲೆಕ್ಕ ತೋರಿಸುವುದು. ಅದನ್ನು ಆಡುವವನು ಹುಡುಕುತ್ತಿಲ್ಲ, ಸಂತೆಯ ಚೀಟಿ ಹಿಡಿದು ಸಾಮಾನು ತುಂಬಿಸುತ್ತಿದ್ದಾನೆ. ನೂರು ಗೊಂಬೆಗಿಂತ ನೆನಪಿನಲ್ಲಿ ಉಳಿಯುವ ಒಂದು ಮೊಲ ಮೇಲು. ಮಿಪ್ಸ್ ಕೊಡುವುದು ಬರೀ ಎರಡು ನಕ್ಷತ್ರ, ಅದೂ ನೆನಪಿರಲಿ.

ಅಡಗುವ ಪಾತ್ರವೊಂದು ಎಷ್ಟು ದೂರ ಬೆಳೆಯಬಹುದೆಂಬುದಕ್ಕೆ ಕ್ಯಾಪ್ಟನ್ ಟೋಡ್‌ನನ್ನು ನೋಡಿ. ತಲೆಗೆ ದೀಪ ಕಟ್ಟಿಕೊಂಡ ಈ ಅಣಬೆತಲೆಯವನು ಗ್ಯಾಲಕ್ಸಿಯಲ್ಲಿ ಅಲ್ಲಲ್ಲಿ ಸಿಗುವ ಚಿಲ್ಲರೆ ಪಾತ್ರವಾಗಿದ್ದ. 2013ರ 'ಸೂಪರ್ ಮಾರಿಯೋ 3ಡಿ ವರ್ಲ್ಡ್'ನಲ್ಲಿ ಅವನಿಗೆ ಕೆಲವು ಹಂತಗಳು ಸಿಕ್ಕವು. ಬೆನ್ನ ಮೇಲಿನ ಚೀಲದ ಭಾರಕ್ಕೆ ಅವನಿಗೆ ಜಿಗಿಯಲು ಬರುವುದಿಲ್ಲ. ಜಿಗಿಯಲಾರದ ನಾಯಕನಿಗಾಗಿ, ಎಲ್ಲ ಕೋನದಿಂದ ತಿರುಗಿಸಿ ನೋಡಬೇಕಾದ ಪುಟ್ಟ ಪುಟ್ಟ ಜಾಗಗಳನ್ನು ಕಟ್ಟಿದರು. ಅದು ಜನರಿಗೆ ಹಿಡಿಸಿತು. 2014ರಲ್ಲಿ ಅವನದೇ ಹೆಸರಿನ ಆಟ ಬಂತು. 2017ರ 'ಸೂಪರ್ ಮಾರಿಯೋ ಒಡಿಸ್ಸಿ'ಯಲ್ಲಿ ಅವನು ಮತ್ತೆ ಮರೆಗೆ ಸರಿದು, ರಾಜ್ಯರಾಜ್ಯಗಳ ಮೂಲೆಗಳಲ್ಲಿ ಅಡಗಿ, ಕಂಡುಹಿಡಿದವರಿಗೆ ಒಂದು ಚಂದ್ರ ಕೊಡುತ್ತಾನೆ. ಮರುವರ್ಷ ಅದೇ ಒಡಿಸ್ಸಿಗೆ ಮಾರಿಯೋನ ಸೋದರ ಲುಯಿಜಿ ಬಂದ. ಅವನು ಕೊಟ್ಟ ಬಲೂನನ್ನು ಒಬ್ಬ ಆಟಗಾರ 30 ಸೆಕೆಂಡಿನೊಳಗೆ ಎಲ್ಲಾದರೂ ಬಚ್ಚಿಡಬೇಕು, ಬೇರೆ ಊರಿನ ಇನ್ನೊಬ್ಬ ಅದನ್ನು ಹುಡುಕಬೇಕು. ಅಲ್ಲಿಗೆ ಅಡಗಿಸುವ ಕೆಲಸವೂ ತಯಾರಕರ ಕೈಯಿಂದ ಆಡುವವರ ಕೈಗೆ ದಾಟಿತು.

ಈಗ ನಿಮ್ಮ ಮೇಜಿನ ಮಾತಿಗೆ ಬರೋಣ. ಮುಂದಿನ ಗೇಮ್ ಜಾಮ್‌ನಲ್ಲಿ ಕೋಟೆ ಕಟ್ಟಬೇಡಿ, ಖಳನನ್ನು ಬರೆಯಬೇಡಿ. ಒಂದು ಅಂಗಳ, ಎರಡು ಗೋಡೆ, ಒಂದು ಮರ ಸಾಕು. ಅದರಲ್ಲಿ ಓಡಿಹೋಗುವ ಜೀವವೊಂದನ್ನು ಬಿಡಿ. ಅದು ಮೊಲವೇ ಆಗಬೇಕೆಂದಿಲ್ಲ. ನಿಮ್ಮ ಊರಿನ ಹಿತ್ತಿಲಿನಲ್ಲಿ ಓಡುವ ಅಳಿಲಾಗಲಿ, ಮುಂಗುಸಿಯಾಗಲಿ, ಹಗ್ಗ ಕಿತ್ತುಕೊಂಡ ಕರುವಾಗಲಿ. ಹಿಡಿಯುವುದು ಹತ್ತನೆಯ ಸಲವೂ ಖುಷಿ ಕೊಡುತ್ತದೆಯೇ ನೋಡಿ. ಕೊಡದಿದ್ದರೆ ಓಟ ತಿದ್ದಿ, ತಿರುವು ತಿದ್ದಿ, ಕ್ಯಾಮೆರಾ ತಿದ್ದಿ. ಉಳಿದ ಆಟ ಆಮೇಲೆ.

ಆ ಜೀವ ಸಿಕ್ಕಿಬಿದ್ದಾಗ ಒಂದೆರಡು ಮಾತಾಡಲಿ, ಕನ್ನಡದಲ್ಲಿ ಆಡಲಿ. ಧಾರವಾಡದವರಾದರೆ ಧಾರವಾಡದ ಮಾತು, ಕುಂದಾಪುರದವರಾದರೆ ಅಲ್ಲಿಯದು. ದೊಡ್ಡ ಆಟವನ್ನು ಪೂರ್ತಿ ಕನ್ನಡಕ್ಕೆ ತರಲು ದುಡ್ಡು, ಜನ, ಕಾಲ ಎಲ್ಲ ಬೇಕು. ಗೊಣಗುವ ಅಳಿಲಿಗೆ ನಾಲ್ಕು ಸಾಲು ಬರೆಯಲು, ನಿಮ್ಮಲ್ಲೇ ಒಬ್ಬರು ಮೊಬೈಲಿನಲ್ಲಿ ದನಿ ಮುದ್ರಿಸಲು ಏನೂ ಬೇಡ.

ತಯಾರಾದಮೇಲೆ ಪಕ್ಕದ ಮನೆಯ ಎಂಟು ವರ್ಷದ ಮಗುವಿನ ಕೈಗೆ ಕಂಟ್ರೋಲರ್ ಕೊಡಿ. ಏನು ಮಾಡಬೇಕೆಂದು ಹೇಳಬೇಡಿ. ಅದು ತಾನಾಗಿ ಅಟ್ಟಿಸಿಕೊಂಡು ಹೋದರೆ ನಿಮ್ಮ ಆಟ ಶುರುವಾಗಿದೆ. ಮಗು ಎದ್ದುಹೋದರೆ ಬೇಸರಪಡದೆ ಮತ್ತೆ ಕೂತು ತಿದ್ದಿ. ಆಡಲು ಸಿದ್ಧವಾದ ದಿನ ಎಲ್ಲರಿಗೂ ಸಿಗುವ ಹಾಗೆ ಹೊರಬಿಡಿ. ಕನ್ನಡದಲ್ಲಿ ಗೊಣಗುವ ಆ ಪ್ರಾಣಿಯನ್ನು ಹಿಡಿಯಲು ಕಾಯುತ್ತಿರುವವರಿದ್ದಾರೆ.

ಇಂತಿ ವಿಶ್ವಾಸದಿಂದ,
ನಿಮ್ಮ ಆಟಗಳ ಹಿತೈಷಿ